ಅಂದಾಜು ಪಟ್ಟಿ: ಕಣವಿಹಾಳದ ವಾಡೆ

ಬಾಗಿಲದ ತುಂಬ ಕಬ್ಬಿಣದ ಮೊಳೆ, ಒಂದೊಂದೂ ಗೇಣುದ್ದ.
ಆನಿ ಬಂದು ಗುದ್ದಬಾರದಂತ ಬಡಿಸ್ಯಾರ.
ಈ ಊರಿಗೆ ಯಾವ ದಂಡಿನ ಆನಿನೂ ಬರಲಿಲ್ಲ.
ಬಂದದ್ದು ಒಂದ, ಯಾವುದೋ ಮಠದ ಮುದುಕಿ ಆನಿ.
ಎರಡು ಪೆಂಟಿ ಬೆಲ್ಲ ತಿಂದು,
ಮೊಳೆಗೆ ಬೆನ್ನು ತಿಕ್ಕಿ ತುರಿಸಿಕೊಂಡು ಹೋತಂತ.

ಮೊಳೆ ಹನ್ನೆರಡು ಕಡಿಮಿ ಅದಾವ. ಬರಕೋ ತಮ್ಮಾ.

ಪಾಯಾ ಹಾಕಿದಾವ ನಮ್ಮ ದಾವಲಸಾಬ,
ನನ್ನ ಅಜ್ಜನ ಅಜ್ಜನ ಅಪ್ಪ.
ಸುಣ್ಣ, ಉಸುಕು, ಬೆಲ್ಲದ ನೀರು, ಅಳಲೆಕಾಯಿ,
ಗಾಣದಾಗ ಎತ್ತು ಹದಿನೈದು ದಿನ ಸುತ್ತಿ ಅರದ ಗಚ್ಚು.
ಇವತ್ತಿಗೂ ಉಳಿ ಇಟ್ಟರ
ಉಳಿನ ಅಳತೈತಿ.

ಸನದು ಕೊಟ್ಟವರು ಯಾರಂತ ಕೇಳಬ್ಯಾಡ.
ಪೇಶವೆ ಅಂತಾರ, ನವಾಬ ಅಂತಾರ.
ಗೆದ್ದಲ ತಿಂದ ಕಾಗದದಾಗ ಮುದ್ರಿ ಅಷ್ಟ ಉಳದೈತಿ,
ಹೆಸರಿನ ಜಾಗಾದಾಗ ತೂತು.
ಆ ತೂತಿನಾಗಿಂದ ಹನ್ನೊಂದು ಹಳ್ಳಿ ಕಂದಾಯ ಒಳಗ ಬಂತು,
ಹಗೇವು ತುಂಬಿತು, ಹುಡೇವು ಎದ್ದಿತು,
ಪಡಸಾಲಿ ಕಂಬಕ್ಕ ಸಾಗವಾನಿ ಗಿಳಿ ಕೂತವು.
ನಮ್ಮ ಮಂದಿಗೆ ಕೂಲಿ ಜ್ವಾಳದಾಗ ಅಳದರು;
ಸೇರಿನ ಬುಡ ಒಳಗ ಉಬ್ಬಿತ್ತು.

ಒಂದ ಮಾತು ಹೇಳ್ತೀನಿ, ಹೊರಗ ಅನಬ್ಯಾಡ.
ಇಲ್ಲಿ ಬಾಳಿದ್ದು ಐದು ತಲಿ,
ಅದರಾಗ ನಾಕು ತಲಿ ದತ್ತಕ.
ತೊಟ್ಟಿಲ ಅಟ್ಟದ ಮ್ಯಾಲ ಇತ್ತು, ಜ್ಯಾಡು ಹಿಡಕೊಂಡು,
ದೌತಿ ಮಾತ್ರ ಒಣಗಲಿಲ್ಲ.
ದೊಡ್ಡ ಮನಿತನ ಅಂತೀವಿ, ರಕ್ತ ಎಲ್ಲೆಲ್ಲಿಂದೋ ಬಂದದ್ದು,
ಖರೇ ವಾರಸದಾರ ಅಂದ್ರ ಗ್ವಾಡಿ ಒಂದ.
ನಮ್ಮದು ನೋಡು,
ದಾವಲಸಾಬನಿಂದ ನನ್ನ ತನಕ
ತೂಗುಗುಂಡಿನ ದಾರ ಬಿಟ್ಟಂಗ ನೆಟ್ಟಗ ಐತಿ.
ಬರದಿಟ್ಟಾವ ಒಬ್ಬನೂ ಇಲ್ಲ.

ಮೂರನೇ ದೇಸಾಯಿ ಸತ್ತಾಗ ಹೆಂಡಂದಿರು ಇಬ್ಬರು,
ನೀಲಗಂಗವ್ವ ಒಂದು ಹುಡುಗನ್ನ ತಂದಳು,
ಸಾಂತವೀರಮ್ಮ ಇನ್ನೊಂದು.
ಧಾರವಾಡದ ಕೋರ್ಟು ಇಪ್ಪತ್ತಾರು ವರ್ಷ ಯೋಚನಿ ಮಾಡಿತು.
ಅಲ್ಲಿ ತನಕ ನಡು ಗ್ವಾಡಿ ಎತ್ತರಿ ಅಂತ ಹುಕುಂ ಆತು.
ನಮ್ಮವರ ಎತ್ತಿದರು. ದಾರ ಹಿಡದರ
ಅದು ಅಡಿಗಿಮನಿ ಒಲಿ ಮ್ಯಾಲ ಹಾದು ಹೋತು,
ಎರಡು ಒಲಿಗುಂಡು ಆ ಕಡಿ, ಒಂದು ಈ ಕಡಿ.
ಹೊಲಾ ಎಲ್ಲಾ ವಕೀಲರ ಮನಿಗೆ ಗಾಡಿ ಗಾಡಿ ಹೋತು.

ಮುಂದ ಕಾಯ್ದೆ ಬಂತು, ಇನಾಮು ಹೋತು.
ಹತ್ತಿಕಾಳಿನ ಸೊಸೈಟಿ ಬಂತು, ಹೆಣ್ಮಕ್ಕಳ ಸಾಲಿ ಬಂತು.
ಖಜಾನಿ ಖೋಲಿಯೊಳಗ ಐದನೇತ್ತೆ.
ನನ್ನ ತಂಗಿ ಮಾಬವ್ವ ಮಗ್ಗಿ ಕಲಿತದ್ದು ಅಲ್ಲೇ,
ಹದಿನೇಳರದು ಮಾತ್ರ ಬರಲಿಲ್ಲ.

ಈಗ ಸರ್ಕಾರದವರು ಪ್ರವಾಸಿಗಳಿಗೆ ತೋರಸಾಕ ದುರಸ್ತಿ ಅಂತಾರ.
ಕಣಜದ ಖೋಲಿ ಹಿಂದ ಗಿಲಾಯಿ ಕೆತ್ತಿದ್ವಿ,
ಉಳಿ ತಂತಾನ ನಿಂತಿತು.
ಹಸಿ ಗಚ್ಚಿನಾಗ ಒತ್ತಿದ ಒಂದು ಕೈ,
ಸಣ್ಣದು. ನನ್ನ ಅಂಗೈಯಾಗ ಅದರಂಥಾವು ಎರಡು ಹಿಡೀತಾವ.
ಕಿರುಬೆರಳು ಸ್ವಲ್ಪ ಸೊಟ್ಟ.

ನಮ್ಮಜ್ಜ ಹೇಳತಿದ್ದ, ನಾ ನಂಬಿರಲಿಲ್ಲ:
ನರೇಗಲ್ಲಿನ ಕಡಿಯಿಂದ ಚಕ್ಕಡ್ಯಾಗ ತಂದ ಹುಡುಗ ಕಳಕಪ್ಪ,
ಏಳು ವರ್ಷದಾವ,
ಅವ್ವ ಹಿಂದ ನೋಡದ ಹೋದ ಮ್ಯಾಲ
ಗೌಂಡಿಗಳ ಹತ್ತರ ಬಂದು ಕೂತನಂತ, ಗಚ್ಚು ಬಿಸಿ ಇರತೈತೇನು ಅಂತ ಕೇಳಿದನಂತ.
ಮುಟ್ಟಿ ನೋಡು ಅಂದರಂತ.
ಮರುದಿನ ಗಾದಿ ಮ್ಯಾಲ ಕುಂಡ್ರಿಸಿ
ಸತ್ತ ಮುದುಕನ ಹೆಸರು ಇಟ್ಟರು, ಮುದಿಮಲ್ಲಪ್ಪ ಅಂತ.
ಅಂದಿನಿಂದ ಗೌಂಡಿಗಳು ಅವಗ ಕೈ ಮುಗದರು.
ಸೇರಿನ ಬುಡ ಉಬ್ಬಿಸಿದಾವ ಅವನ.

ಎಂಜಿನಿಯರ ಕೇಳಿದರು, ಯಾವ ದೇಸಾಯರ ಕೈ ಇದು?
ದೇಸಾಯರದ್ದಲ್ಲರಿ, ಕಳಕಪ್ಪಂದು.
ದೇಸಾಯಿ ಆಗೋ ಹಿಂದಿನ ದಿನದ್ದು.
ವಂಶಾವಳಿ ಫಲಕದಾಗ ಬೆರಳಾಡಿಸಿ ಹುಡುಕಿದರು,
ಅಂಥ ಹೆಸರು ಇರಲಿಲ್ಲ.

ಬರಕೋ ತಮ್ಮಾ. ಸುಣ್ಣ ನಲವತ್ತು ಚೀಲ.
ಬೆಲ್ಲ ಎರಡು ಪೆಂಟಿ, ಇಲ್ಲ, ಮೂರು ಬರಿ, ಎತ್ತಿಗೂ ಬೇಕು.
ಕಣಜದ ಖೋಲಿ ಹಿಂದ ಗೇಣು ಚೌಕ ಗಿಲಾಯಿ ಬಿಟ್ಟದ್ದು.
ಅದಕ್ಕ ದರ ಹಾಕಬ್ಯಾಡ.